ಅಂಬಿಗನ ಎರಡು ನಿಮಿಷ

೫ ಜೂನ್ ೨೦೦೬, ಸೋಮವಾರ

ರಾಮಕೃಷ್ಣ ಇವತ್ತು ನನ್ನ ಮೇಜಿನ ಮೇಲೆ ಒಂಬತ್ತು ಹಾಳೆಗಳ ಪಟ್ಟಿ ಇಟ್ಟುಹೋದರು. ನಮ್ಮ ಕಂಪ್ಯೂಟರ್ ಆಟ ‘ಕರಿಗಡ’ ಆಡುವವರು ಆರೂವರೆ ವರ್ಷಗಳಿಂದ ಕೇಳುತ್ತಿರುವ ಬದಲಾವಣೆಗಳಲ್ಲಿ ಮುಖ್ಯವಾದ ನಲವತ್ತೊಂದು. ಆಗಸ್ಟ್‌ನಲ್ಲಿ ಹೊಸ ಕಂಪ್ಯೂಟರುಗಳಿಗೆಂದು ಆಟವನ್ನು ಮತ್ತೆ ಬಿಡುಗಡೆ ಮಾಡುತ್ತೇವೆ. ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂದು ನಾನು ಹೇಳಬೇಕು.

“ಆ ಆಟ ನಿಮ್ಮಷ್ಟು ಗೊತ್ತಿರೋರು ಇನ್ಯಾರಿದಾರೆ ಕೃಪಾಗಾರು?” ಎಂದರು. ನಿಜ. ಐದು ಜನ ಸೇರಿ ಮಾಡಿದ್ದು. ಮೂವರು ಬಿಟ್ಟುಹೋದರು. ರಾಮಕೃಷ್ಣ ಮುಖ್ಯಸ್ಥರಾಗಿ ಮಾದಾಪುರದ ಈ ಗಾಜಿನ ಕೋಣೆಯಲ್ಲಿದ್ದಾರೆ, ನಾನು ಅದರ ಹೊರಗೆ.

ಜಾಹೀರಾತಿಗೆ ನಾಲ್ಕು ಸಾಲು ಕೇಳಿದರು, ಬರೆದುಕೊಟ್ಟೆ: ಸೋತ ಸೈನ್ಯದಲ್ಲಿ ಉಳಿದ ಒಬ್ಬನೇ ಸೈನಿಕ ನೀವು. ಕತ್ತಿ ಹಿಡಿದು ಕಾದಾಡುತ್ತ, ದಾರಿಯಲ್ಲಿ ಸಿಕ್ಕ ಆಯುಧ, ಮದ್ದು, ವಿದ್ಯೆ ಕೂಡಿಸಿಕೊಳ್ಳುತ್ತ, ನದಿ ದಾಟಿ ನಿಮ್ಮ ಕೋಟೆಗೆ ಮರಳಬೇಕು.

ಪಟ್ಟಿಯ ಮೊದಲಿಗೇ ಅಂಬಿಗ. ನದಿ ದಾಟಲು ಎರಡು ನಿಮಿಷ ಬೇಕು. ಹರಿಗೋಲು ಮೆಲ್ಲಗೆ ತಿರುಗುತ್ತ ಹೋಗುತ್ತದೆ, ಮುದುಕ ಹುಟ್ಟು ಹಾಕುತ್ತ ಮಾತಾಡುತ್ತಾನೆ, ಅವನ ಮಾತಿನ ಕೆಳಗೆ ಇಂಗ್ಲಿಷಿನಲ್ಲಿ ಸಾಲುಗಳು ಮೂಡುತ್ತವೆ. ಆಟದಲ್ಲಿ ಸತ್ತಾಗಲೆಲ್ಲ ಮತ್ತೆ ದಾಟಬೇಕು. ‘ನನ್ನ ಬದುಕಿನ ಹದಿನೆಂಟು ಗಂಟೆ ಈ ಮುದುಕನ ದೋಣಿಯಲ್ಲಿ ಹೋಗಿದೆ’ ಎಂದು ಒಬ್ಬ ಬರೆದಿದ್ದಾನೆ. ಇದನ್ನು ಬಿಟ್ಟು ನೇರ ಮುಂದೆ ಹೋಗಲು ಒತ್ತುವ ಒಂದು ಗುಂಡಿ ಕೊಡಿ ಎಂಬುದು ಬೇಡಿಕೆ.

ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಬರೆದೆ: ಮುಟ್ಟಬಾರದು.

ಆ ದನಿ ಮೌನಪ್ಪನೆಂಬ ಒಬ್ಬ ಹಮಾಲನದು. ಅವನು ಆಡಿದ್ದು ಕನ್ನಡ. ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿದವಳು ನಾನು. ‘ನದಿಗೆ ಯಾರ ಹೆಸರೂ ನೆನಪಿರುವುದಿಲ್ಲ, ಪಥಿಕ’ ಎಂಬ ಸಾಲನ್ನು ಈಗ ಜನ ಅಂಗಿಯ ಮೇಲೆ ಅಚ್ಚು ಹಾಕಿಸಿಕೊಳ್ಳುತ್ತಾರೆ. ಒಬ್ಬಾಕೆ ಮೊಣಕೈ ಮೇಲೆ ಹಚ್ಚೆ ಹಾಕಿಸಿಕೊಂಡ ಫೋಟೋ ಕಳಿಸಿದ್ದಳು. ಅದನ್ನು ನಾನು ಅಳಿಸಿಲ್ಲ.

೯ ಜೂನ್, ಶುಕ್ರವಾರ

ದಿನವಿಡೀ ಹಳೆಯ ಕಡತಗಳನ್ನು ತೆರೆದು ಕೂತಿದ್ದೆ. ಕೆಲಸವಾಗಲಿಲ್ಲ, ನೆನಪಾಯಿತು.

೧೯೯೯ರಲ್ಲಿ ನಾವಿದ್ದದ್ದು ಸನತ್‌ನಗರದಲ್ಲಿ, ಪಂಪಿನ ಬಿಡಿಭಾಗ ಮಾಡುವ ಶೆಡ್ಡಿನ ಅರ್ಧದಲ್ಲಿ. ನಡುವೆ ಪ್ಲೈವುಡ್ ಗೋಡೆ. ಆಚೆ ಲೇತ್ ಮಷಿನ್ನುಗಳು, ಈಚೆ ನಮ್ಮ ಐದು ಕಂಪ್ಯೂಟರುಗಳು. ಲೇತ್ ತಿರುಗಿದರೆ ಪರದೆಯ ಮೇಲಿನ ಕೋಟೆ ನಡುಗುತ್ತಿತ್ತು. ಮನೆಗೆ ಬಂದರೆ ಅಮ್ಮ, “ಮೊದಲು ತಲೆ ತೊಳ್ಕೋ, ಗ್ಯಾರೇಜಿನ ವಾಸನೆ” ಎನ್ನುತ್ತಿದ್ದಳು. ಕಾನ್ವೆಂಟಿನಲ್ಲಿ ಓದಿಸಿದ ಮಗಳು ಎಣ್ಣೆ ವಾಸನೆ ಹೊತ್ತು ಬರುವುದನ್ನು ಅವಳು ಕೊನೆತನಕ ಒಪ್ಪಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ಊಟದ ಸೈರನ್. ಅರ್ಧ ಗಂಟೆ ಲೇತ್ ನಿಲ್ಲುತ್ತಿತ್ತು. ಆಟದ ಎಲ್ಲ ದನಿಗಳನ್ನೂ ನಾವು ಆ ಅರ್ಧ ಗಂಟೆಯಲ್ಲಿ ತುಂಬಿಕೊಂಡದ್ದು. ಗೋಡೆಗೆ ರಜಾಯಿ ಜೋತುಹಾಕಿ, ಫ್ಯಾನು ಆರಿಸಿ, ಬೆವರುತ್ತ. ರಾಕ್ಷಸನ ಗರ್ಜನೆ ರಾಮಕೃಷ್ಣರದು. ಸಾಯುವ ಸೈನಿಕರೆಲ್ಲ ನಾನೇ.

ಮೌನಪ್ಪ ಲಾರಿಯಿಂದ ಕಬ್ಬಿಣದ ಸಲಾಕೆ ಇಳಿಸುತ್ತಿದ್ದ. ಕೃಷ್ಣಾ ಹೊಳೆ ದಂಡೆಯವನು, ತಿಂಥಣಿ ಕಡೆಯವನು, ವಯಸ್ಸಿನಲ್ಲಿ ಹರಿಗೋಲು ಹಾಕುತ್ತಿದ್ದವನು. ಅಂಗಳದ ಆ ತುದಿಯಿಂದ ಯಾರನ್ನೋ ಕೂಗಿದ್ದು ಕೇಳಿ ರಾಮಕೃಷ್ಣ, “ಆ ಗೊಂತು, ಆ ದನಿ ಬೇಕು ನನಗೆ” ಎಂದು ಎದ್ದರು. ಅವನ ಅರ್ಧ ಊಟ ಬಿಡಿಸಿ ಕರೆತಂದೆವು. “ಹುಟ್ಟು ಹಾಕ್ತಾ ಮಾತಾಡ್ತಿದ್ರಲ್ಲ, ಹಾಗೇ ಏನಾದರೂ ಮಾತಾಡಿ” ಎಂದೆ.

ಮತ್ತೆ ಆ ಎರಡು ನಿಮಿಷ. ಇದನ್ನು ಎಲ್ಲೂ ಹೇಳಿಲ್ಲ. ಕಾಯುವುದರ ಬೆಲೆ, ದಾಟುವಿಕೆಯ ಗಾಂಭೀರ್ಯ ಎಂದೆಲ್ಲ ಸಂದರ್ಶನಗಳಲ್ಲಿ ಹೇಳಿದ್ದೇನೆ. ಆಗಿನ ಕಂಪ್ಯೂಟರಿಗೆ ಸೀಡಿಯಿಂದ ಕೋಟೆಯನ್ನು ಓದಿಕೊಳ್ಳಲು ಎರಡು ನಿಮಿಷ ಬೇಕಿತ್ತು. ಅಷ್ಟು ಹೊತ್ತು ಪರದೆ ಕಪ್ಪಾಗಿದ್ದರೆ ಕೆಟ್ಟುಹೋಯಿತೆಂದು ಜನ ಆರಿಸಿಬಿಡುತ್ತಾರೆ. “ನಡುವೆ ಒಂದು ನದಿ ಹಾಕೋಣ” ಎಂದರು ರಾಮಕೃಷ್ಣ. ನದಿ ಹುಟ್ಟಿದ್ದು ಹಾಗೆ.

ಈಗ ನಾಲ್ಕು ಸೆಕೆಂಡು ಸಾಕು. ಆದರೂ ‘ಮುಟ್ಟಬಾರದು’ ಎಂದೇ ಇಟ್ಟಿದ್ದೇನೆ. ಹುಟ್ಟಿದ ಕಾರಣ ಬೇರೆಯಾದರೆ ಬೆಳೆದದ್ದು ಸುಳ್ಳಾಗುತ್ತದೆಯೇ?

೧೭ ಜೂನ್, ಶನಿವಾರ

ಪಟ್ಟಿಯಲ್ಲಿ ಸಣ್ಣವೆಂದು ನಾನೇ ಒಪ್ಪಿದ ಎರಡು ಬದಲಾವಣೆ ಹಾಕಿ ಎಂಟು ಜನರಿಂದ ಆಡಿಸಿ ನೋಡಿದೆವು. ಒಂದು, ಓಡುವ ವೇಗ ಹೆಚ್ಚಿಸಿದ್ದು. ಇನ್ನೊಂದು, ಎಲ್ಲಿಗೆ ಹೋಗಬೇಕೆಂದು ನಕ್ಷೆಯಲ್ಲಿ ಚುಕ್ಕೆ ಇಟ್ಟದ್ದು.

ನದಿಗೆ ಮೊದಲು ಒಂದು ಹಳ್ಳಿ ಬರುತ್ತದೆ. ಬಾವಿಕಟ್ಟೆಯ ಮೇಲೆ ಮೂವರು ಮುದುಕಿಯರು. ದಾರಿ ಕೇಳಿದರೆ ಮೂವರೂ ಜಗಳವಾಡಿ ಮೂರು ದಿಕ್ಕು ತೋರಿಸುತ್ತಾರೆ. ಆ ಜಗಳ ಬರೆಯಲು ಒಂದು ತಿಂಗಳು ಹಿಡಿದಿತ್ತು ನನಗೆ. ಎಂಟು ಜನರಲ್ಲಿ ಒಬ್ಬರೂ ಅವರನ್ನು ಮಾತಾಡಿಸಲಿಲ್ಲ. ಚುಕ್ಕೆ ನೋಡಿಕೊಂಡು ಓಡಿದರು. ಕೊನೆಗೆ ಬರೆದುಕೊಟ್ಟ ಅಭಿಪ್ರಾಯದಲ್ಲಿ ಇಬ್ಬರು ಕೇಳಿದ್ದಾರೆ: ಬಾವಿ ಹತ್ತಿರ ಮೂವರು ಅಜ್ಜಿಯರು ದಾರಿಗೆ ಅಡ್ಡ ಇದ್ದಾರೆ, ತೆಗೆಯಬಹುದೇ?

ರಾಮಕೃಷ್ಣರಿಗೆ ತೋರಿಸಿದೆ. ನಕ್ಕರು. “ತೊಂಬತ್ತೊಂಬತ್ತರಲ್ಲಿ ಹತ್ತು ಜನ ಕಾಗದ ಬರೆದರೆ ಸಾಕು ಅಂತ ಕಾಯ್ತಿದ್ದೆವು. ಈಗ ಹತ್ತು ಸಾವಿರ ಬರೀತಾರೆ, ನಿಮಗೆ ಕೋಪ. ಇದು ಮ್ಯೂಸಿಯಂ ಅಲ್ಲಂಡಿ.”

ಮನೆಗೆ ಬಂದ ಮೇಲೆ ಅಂಚೆಪೆಟ್ಟಿಗೆಯಲ್ಲಿ ಇನ್ನೊಂದು ಬೇಡಿಕೆ. ಪ್ರಜ್ವಲ ಎಂಬ ಆಟಗಾರ, ಕುಂದಾಪುರದವನು, ಇಲ್ಲೇ ಗಚ್ಚಿಬೌಲಿಯಲ್ಲಿ ಕೆಲಸ. ‘ಮೇಡಂ, ಅಂಬಿಗನ ಕನ್ನಡ ನಮ್ಮ ಕಡೆಯದಲ್ಲ, ನನಗೆ ಪೂರ್ತಿ ಹತ್ತುವುದಿಲ್ಲ. ಆದರೆ ಅವರು ನದಿ, ಪಥಿಕ ಏನೂ ಹೇಳುತ್ತಿಲ್ಲ. ಮೊದಲನೇ ಸಾಲಿನಲ್ಲಿ ಬುತ್ತಿ ಬಂತಾ ಅಂತ ಕೇಳುತ್ತಿದ್ದಾರೆ. ಇಂಗ್ಲಿಷನ್ನು ಸರಿಮಾಡಿ, ಪ್ಲೀಸ್.’

ಇದು ನಲವತ್ತೊಂದರಲ್ಲಿ ಇಲ್ಲ.

ಅನುವಾದ ಎಂದು ಮೊನ್ನೆ ಬರೆದೆ. ಅಷ್ಟು ಸರಿಯಲ್ಲ. ನಮ್ಮ ಮನೆಯ ಕನ್ನಡ ಮೈಸೂರಿನದು, ಅದೂ ಸಿಕಂದರಾಬಾದಿನಲ್ಲಿ ಬೆಳೆದು ಅರ್ಧ ಉಳಿದದ್ದು. ಅವನ ಮಾತು ಬೇಗ, ಮೈಕು ಕೆಟ್ಟದ್ದು. ನನಗೆ ಸರಿಯಾಗಿ ತಿಳಿದಿರಲಿಲ್ಲ.

೨೬ ಜೂನ್, ಸೋಮವಾರ

ಪಟ್ಟಿಯ ಬಗ್ಗೆ ಆಟಗಾರರು ಹಾಕಿದ ಮತ ಎಣಿಸಿದರು. ನೂರಕ್ಕೆ ಎಪ್ಪತ್ತೊಂದು ಜನಕ್ಕೆ ಅಂಬಿಗನನ್ನು ದಾಟಿ ಹೋಗುವ ಗುಂಡಿ ಬೇಕು. ಅರ್ಧಕ್ಕಿಂತ ಹೆಚ್ಚು ಜನ ‘ಅರ್ಥವಾಗದ ಗೊಣಗಾಟ’ದ ಬದಲು ಇಂಗ್ಲಿಷ್ ದನಿ ಬೇಕು ಎಂದಿದ್ದಾರೆ. ಮುಂಬೈಯಲ್ಲಿ ಒಬ್ಬ ನಟರನ್ನು ಮಾತಾಡಿಸಿಟ್ಟಿದ್ದಾರೆ ರಾಮಕೃಷ್ಣ. ಜುಲೈ ಇಪ್ಪತ್ತೊಂದರೊಳಗೆ ನಾನು ಸಹಿ ಹಾಕಿದರೆ ಮೌನಪ್ಪನ ದನಿ ಪೂರ್ತಿ ಹೋಗುತ್ತದೆ.

ಹುಡುಕುತ್ತೇನೆ ಅವನನ್ನು. ನಿಜವಾದ ಅಂಬಿಗನೊಬ್ಬ, ‘ಹೊಳೆ ದಾಟುವುದೆಂದರೆ ಹೀಗೇ, ಅವಸರ ಸಲ್ಲದು’ ಎಂದು ಕ್ಯಾಮೆರಾ ಮುಂದೆ ಹೇಳಿದರೆ ಎಪ್ಪತ್ತೊಂದರಲ್ಲಿ ಇಪ್ಪತ್ತಾದರೂ ಈಚೆ ಬರುತ್ತವೆ.

೨ ಜುಲೈ, ಭಾನುವಾರ

ಹಳೇ ಶೆಡ್ಡಿನ ವಾಚ್‌ಮನ್ ಒಂದು ಫೋನ್ ನಂಬರ್ ಕೊಟ್ಟ. ಬಾಲಾನಗರದಲ್ಲಿ ಕಾರ್ಖಾನೆಗಳ ಹಿಂದಿನ ಓಣಿ, ತಗಡಿನ ಮಾಡಿನ ಎರಡು ಕೋಣೆ. ಲ್ಯಾಪ್‌ಟಾಪ್ ಚೀಲ ನೋಡಿಯೇ ಮೌನಪ್ಪನವರ ಹೆಂಡತಿ ಗದಿಗೆಮ್ಮ ಬಾಗಿಲಿಗೆ ಬಂದರು.

“ಬರ್ರಿ ಅಕ್ಕಾರ, ಒಳಗ ಬರ್ರಿ. ಕಂಪ್ಯೂಟರ್ ಅಕ್ಕಾರು ನನ್ನ ದನಿ ತುಂಬಕೊಂಡ ಹೋಗ್ಯಾರ ಅಂತ ಇವ್ರು ಹೇಳ್ತಿದ್ರು. ನಾ ಸುಳ್ಳ ಅಂದಿದ್ದೆ.”

“ಏಳ ವರ್ಷ ಸುಳ್ಳಗಾರ ಆಗಿದ್ದೆ ನೋಡ್ರಿ ಈಕಿ ಮುಂದ,” ಎಂದರು ಮೌನಪ್ಪ. ತಲೆ ಪೂರ್ತಿ ಬೆಳ್ಳಗಾಗಿದೆ. ದನಿ ಹಾಗೇ ಇದೆ.

ಚಾ ಬಂತು. ಆಟ ಶುರುಮಾಡಿದೆ. ಹರಿಗೋಲು ದಡ ಬಿಟ್ಟಿತು.

“ಇಂವ ಯಾರ್ರಿ ಮುದುಕ?”

“ನೀವೇ.”

“ಅಯ್ಯ, ಇಷ್ಟುದ್ದ ಗಡ್ಡ ಯಾಕ ಹಚ್ಚೀರಿ? ಈಕಿ ಗಡ್ಡ ನೋಡಿದ್ರ ಮನಿಯಾಗ ಬಿಟ್ಕೊಳ್ಳಾಂಗಿಲ್ಲ.”

ಗದಿಗೆಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಪರದೆಯೊಳಗಿನಿಂದ ಏಳು ವರ್ಷದ ಹಿಂದಿನ ಮೌನಪ್ಪನ ದನಿ, “ಬುತ್ತಿ ಬಂತೇನ್ಲೇ?” ಎಂದು ಕೇಳಿತು. ಮತ್ತೆ ನಕ್ಕರು. ಕೆಳಗೆ ನನ್ನ ಇಂಗ್ಲಿಷ್: ‘ಯಾರು ಹಸಿದಿರುವರೋ ಅವರೇ ದಾಟುವರು.’ ಅವರಿಗೆ ಅದನ್ನು ಓದಲು ಬರುವುದಿಲ್ಲ. ನನಗೆ ಅಷ್ಟಕ್ಕೇ ಸಮಾಧಾನವಾಯಿತು.

ಅರ್ಧ ನಿಮಿಷವಾಗುವಷ್ಟರಲ್ಲಿ ಮೌನಪ್ಪ ಚಡಪಡಿಸಿದರು. “ಹಿಂಗ ಹುಟ್ಟ ಹಾಕಿದ್ರ ನಾಳಿಗೆ ಮುಟ್ತೀವಿ ಆ ದಂಡಿ. ಇಷ್ಟ ತಿರುಗಿಸಿದ್ರ ಕುಂತಾವ್ರಿಗೆ ತಲಿ ತಿರಗ್ತೈತಿ. ಮಂದಿ ಬೈಯಾಂಗಿಲ್ಲೇನ್ರಿ?”

“ಬೈತಾರೆ.”

“ಬೈಬೇಕ ಮತ್ತ! ಜಲ್ದಿ ದಾಟ್ಸೋದ ನಮ್ಮ ಕಸಬು.”

ಕ್ಯಾಮೆರಾ ಚೀಲದಲ್ಲೇ ಉಳಿಯಿತು.

ಅಷ್ಟರಲ್ಲಿ ಇನ್ನೊಬ್ಬರು ಒಳಗೆ ಬಂದರು, ಹೆಗಲ ಮೇಲೆ ಟವೆಲ್. “ನನ್ನ ತಮ್ಮ, ಚಂದ್ರಾಮ. ನಾಚಾರಂದಾಗ ಫ್ಯಾಕ್ಟರಿ ಕೆಲಸ. ಇದ ಓಣ್ಯಾಗ ಮನಿ. ಬಾರಲೇ, ನನ್ನ ಸಿನಿಮಾ ನೋಡು” ಎಂದರು ಮೌನಪ್ಪ. ಚಂದ್ರಾಮ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತರು.

ಹೆಸರು ಕೇಳಿದಾಗಲೇ ನಾನು ಆಟ ನಿಲ್ಲಿಸಬೇಕಿತ್ತು. ಪರದೆಯ ದನಿ ಬದಲಾಯಿತು. ಆ ಕೋಣೆಯಲ್ಲಿ ಒಂದು ಅಕ್ಷರವೂ ಬಿಡದೆ ಕೇಳಿಸಿತು: “ಚಂದ್ರಾಮ, ನನ್ನ ಹರಿಗೋಲ ಹೊಳಿಪಾಲ ಮಾಡಿದಿ. ಇನ್ನ ನಿನ್ನ ಮಾರಿ ನೋಡಾಂಗಿಲ್ಲ. ನೀ ಸತ್ತಿ ಅಂದ್ರೂ ಮಣ್ಣಿಗೆ ಬರಾಂಗಿಲ್ಲ.”

ಅದರ ಕೆಳಗೆ ಮೂಡಿದ್ದು ‘ನದಿಗೆ ಯಾರ ಹೆಸರೂ ನೆನಪಿರುವುದಿಲ್ಲ’ ಎಂಬ ಸಾಲು.

ಗದಿಗೆಮ್ಮ ಎದ್ದು ಕಪ್ಪುಗಳನ್ನು ಎತ್ತಿಕೊಂಡರು. ಒಂದರಲ್ಲಿ ಚಾ ಇನ್ನೂ ಇತ್ತು.

“ಅಣ್ಣಾ, ಇದು ಯಾವಾಗಿಂದು?”

“ಹಳೇದೋ. ನೀ ಇಲ್ಲಿಗಿ ಬರೂಕಿಂತ ಮೊದಲಿಂದು. ಸಿಟ್ಟಿನ ಮ್ಯಾಲ ಇದ್ದೆ.”

ಚಂದ್ರಾಮ ನನ್ನ ಕಡೆ ತಿರುಗಿದರು. “ಅಕ್ಕಾರ, ಇದನ್ನ ಎಷ್ಟ ಮಂದಿ ಕೇಳ್ಯಾರ?”

ಸುಳ್ಳು ಹೇಳಬಹುದಿತ್ತು. “ನಾಲ್ಕು ಲಕ್ಷ” ಎಂದೆ.

“ಊರಾಗ ನಾಕ ಮಂದಿ ಮುಂದ ಬೈದಿದ್ದ. ಅಷ್ಟಕ್ಕ ಎರಡ ವರ್ಷ ಮಾತ ಬಿಟ್ಟಿದ್ದೆ ನಾ,” ಎಂದರು ಚಂದ್ರಾಮ. ಎದ್ದುಹೋದರು. ಟವೆಲ್ ಅಲ್ಲೇ ಬಿಟ್ಟಿದ್ದರು.

ಮೌನಪ್ಪನವರು ಬಸ್ ಸ್ಟಾಪಿನವರೆಗೆ ಬಂದರು. ಬಸ್ ಕಂಡ ಮೇಲೆ, “ಅಕ್ಕಾರ, ಅದೊಂದ ಮಾತ ತೆಗೀರಿ. ಉಳದದ್ದು ಇರ್ಲಿ, ನನ್ನ ದನಿ ಅಲ್ಲೇನ್ರಿ ಅದು?” ಎಂದರು.

“ನೋಡ್ತೀನಿ” ಎಂದೆ.

೩ ಜುಲೈ, ಸೋಮವಾರ

ನೋಡ್ತೀನಿ ಎಂದೆ. ಏನನ್ನು ನೋಡುವುದು?

೮ ಜುಲೈ, ಶನಿವಾರ

ಐದು ದಿನ ಬೇರೆ ಬೇಡಿಕೆಗಳಲ್ಲಿ ತಲೆಹಾಕಿಕೊಂಡಿದ್ದೆ. ಮದ್ದಿನ ಚೀಲ ದೊಡ್ಡದಾಗಬೇಕು, ಆಗಲಿ. ಕುದುರೆ ಬೇಕು, ಬೇಡ.

ಇವತ್ತು ಮೂಲ ಧ್ವನಿಮುದ್ರಣ ಹುಡುಕಿ ಇಯರ್‌ಫೋನಿನಲ್ಲಿ ಕೇಳಿದೆ. ಕೊನೆಯಲ್ಲಿ ಆಟಕ್ಕೆ ಸೇರಿಸದೆ ಬಿಟ್ಟ ತುಣುಕೊಂದಿದೆ. ಅದರಲ್ಲಿ ನನ್ನ ದನಿಯೂ ಇದೆ. ಮೂವತ್ತಾರು ವರ್ಷದವಳ ದನಿ, ಎಷ್ಟು ಹಗುರ. “ತಮ್ಮನ ಮೇಲೆ ಇಷ್ಟು ಕೋಪ ಯಾಕೆ ಮೌನಪ್ಪ?” ಎಂದು ಕೇಳುತ್ತಿದ್ದೇನೆ. ಆಮೇಲೆ ಸೈರನ್ ಕೂಗುತ್ತದೆ, ಲೇತ್ ಶುರುವಾಗುತ್ತದೆ.

ಹಾಗಾದರೆ ತಿಳಿದಿತ್ತು. ಎಲ್ಲ ತಿಳಿದಿತ್ತು. ಬುತ್ತಿ, ತಮ್ಮ, ಮುಳುಗಿದ ಹರಿಗೋಲು. ಇಂಗ್ಲಿಷಿನಲ್ಲಿ ಆಡುವವರಿಗೆ ಅದು ಸಣ್ಣದೆನಿಸುತ್ತದೆ ಎಂದುಕೊಂಡೆ. ಅವರಿಗೋ, ನನಗೋ? ಸಣ್ಣದೆಂದು ದೊಡ್ಡದನ್ನು ನಾನೇ ಕಟ್ಟಿದೆ. ಚೆನ್ನಾಗಿ ಕಟ್ಟಿದೆ ಎಂಬುದೇ ತೊಂದರೆ.

ಏಳು ವರ್ಷ ‘ತಿಳಿಯಲಿಲ್ಲ’ ಎಂದು ನಂಬಿಕೊಂಡು ಬಂದಿದ್ದೇನೆ. ಇಲ್ಲಿ ಕೂಡ ಹಾಗೆಯೇ ಬರೆದೆ, ಓದುವವರು ಯಾರೂ ಇಲ್ಲದಿದ್ದರೂ.

೧೩ ಜುಲೈ, ಗುರುವಾರ

ರಾಮಕೃಷ್ಣರಿಗೆ ಎಲ್ಲ ಹೇಳಿದೆ. ಬುತ್ತಿಯ ವಿಷಯಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಚಂದ್ರಾಮರ ವಿಷಯಕ್ಕೆ ನಗಲಿಲ್ಲ.

“ಸರಿ, ಸುಲಭ ಇದೆ. ಮುಂಬೈ ದನಿ ಹಾಕೋಣ. ಅವರ ಬೈಗುಳವೂ ಹೋಯಿತು, ನಿಮ್ಮ ಸಾಲೂ ಉಳೀತು.”

“ಅವರ ದನಿ ಪೂರ್ತಿ ಹೋಗುತ್ತಲ್ಲ.”

“ಅವರು ಕೇಳಿದ್ದು ತೆಗೀರಿ ಅಂತ ತಾನೇ?”

“ಒಂದೇ ಮಾತು. ಉಳಿದದ್ದು ಇರಲಿ ಅಂದಿದ್ದಾರೆ.”

“ಆ ಮಾತು ತೆಗೆದರೆ ಅದರ ಕೆಳಗಿನ ಸಾಲೂ ಹೋಗಬೇಕು. ಗೊತ್ತಾ ನಿಮಗೆ? ಆ ಸಾಲಿಗೋಸ್ಕರ ಆಟ ಆಡೋರಿದಾರೆ. ಕೃಪಾಗಾರು, ನೀವು ಬರೆದದ್ದರಲ್ಲಿ ಜನ ನೆನಪಿಟ್ಟಿರೋದು ಅದೊಂದೇ.”

ನೋಯಿಸಬೇಕೆಂದು ಹೇಳಿದ್ದಲ್ಲ. ಬರೇ ನಿಜ.

ಗುಂಡಿಯ ವಿಷಯ ನಾವಿಬ್ಬರೂ ಎತ್ತಲಿಲ್ಲ. ಅದು ಯಾವಾಗ ಸಣ್ಣದಾಯಿತೋ.

೧೬ ಜುಲೈ, ಭಾನುವಾರ

ಏನೂ ಬರೆಯುವಂತಿಲ್ಲ. ಸಾಲನ್ನು ಹಾಳೆಯ ಮೇಲೆ ಬರೆದು ನೋಡಿದೆ. ಚೆನ್ನಾಗಿದೆ.

೨೧ ಜುಲೈ, ಶುಕ್ರವಾರ

ಪಟ್ಟಿಯ ಕೊನೆಯಲ್ಲಿ ನಲವತ್ತೆರಡನೆಯದನ್ನು ಸೇರಿಸಿ ಕೊಟ್ಟೆ. ಬೇಡಿಕೆ: ಹನ್ನೊಂದು ಸೆಕೆಂಡಿನ ಮಾತು ತೆಗೆಯಬೇಕು, ಉಳಿದ ಮಾತಿಗೆ ಸರಿಯಾದ ಇಂಗ್ಲಿಷ್ ಹಾಕಬೇಕು. ಕೇಳಿದವರು: ಮೌನಪ್ಪ, ಬಾಲಾನಗರ.

ರಾಮಕೃಷ್ಣ ಓದಿ ಕನ್ನಡಕ ತೆಗೆದರು. “ಇವರು ನಮ್ಮ ಆಟಗಾರರಲ್ಲವಲ್ಲ.”

“ಆಟದೊಳಗಿರುವವರು.”

“ನಿಮ್ಮ ಸಾಲು?”

“ತೆಗೀರಿ.”

ಹೊರಗೆ ನೋಡಿದರು. ರಸ್ತೆಯಾಚೆ ಇನ್ನೊಂದು ಗಾಜಿನ ಕಟ್ಟಡ ಏಳುತ್ತಿದೆ. “ಗುಂಡಿ ಕೊಡೋಣ, ಮುಂಬೈ ದನಿ ಬೇಡ, ಸಾಲು ತೆಗೆಯೋಣ. ಬೈಗುಳ ಬಂದರೆ ಎಲ್ಲಾ ನಿಮ್ಮ ಟೇಬಲ್ಲಿಗೆ ಕಳಿಸ್ತೀನಿ” ಎಂದರು. ಸಹಿ ಹಾಕಿದೆವು.

ಸನತ್‌ನಗರದಲ್ಲಾಗಿದ್ದರೆ ಇಷ್ಟಕ್ಕೆ ಮೂರು ದಿನ ಜಗಳವಾಡುತ್ತಿದ್ದೆವು, ಐದೂ ಜನ, ಲೇತ್ ಸದ್ದಿನ ಮೇಲೆ ಕೂಗಿಕೊಂಡು. ಆ ಕೂಗಾಟ ಬೇಕೆನಿಸಿತು.

೩೦ ಜುಲೈ, ಭಾನುವಾರ

ಬಾಲಾನಗರ. ಒಂದೊಂದೇ ಮಾತು ನಿಲ್ಲಿಸಿ ಕೇಳಿ ಬರೆದುಕೊಂಡೆ. ‘ಮಡು’ ಎಂದರೆ ಹೊಳೆಯಲ್ಲಿ ತಳ ಸಿಗದ ಜಾಗವಂತೆ. “ನಿಂದರಬ್ಯಾಡ್ರಿ, ನಡುವ ಕುಂದರ್ರಿ, ಮಡು ಬಂತು” ಎಂಬುದಕ್ಕೆ ನಾನು ಅಂದು ‘ಪಾತಾಳವು ನಿನ್ನನ್ನು ಕರೆಯುತ್ತಿದೆ’ ಎಂದು ಬರೆದಿದ್ದೆ. ಅದನ್ನು ಕನ್ನಡದಲ್ಲಿ ಹೇಳಿ ತೋರಿಸಿದೆ. ಗದಿಗೆಮ್ಮನವರು, “ಹಂಗಂದ್ರ ಯಾರ ಹತ್ತತಾರ್ರಿ ಹರಿಗೋಲಾ?” ಎಂದರು. ನಾನೂ ನಕ್ಕೆ.

ಚಂದ್ರಾಮ ಬರಲಿಲ್ಲ. ಡ್ಯೂಟಿ ಐತಿ ಎಂದರು ಮೌನಪ್ಪನವರು, ಭಾನುವಾರ.

ಸಂಜೆ ಮನೆಯಲ್ಲಿ ಕೋಟೆಯ ಮೂರು ಬಾಗಿಲುಗಳನ್ನು ಪರೀಕ್ಷೆ ಮಾಡಿದೆ. ಒಂಬತ್ತು ಸಲ ಸತ್ತೆ. ಗುಂಡಿ ಸರಿಯಾಗಿ ಕೆಲಸ ಮಾಡುತ್ತಿದೆ, ಒಂಬತ್ತು ಸಲವೂ ಕ್ಷಣದಲ್ಲಿ ಆಚೆ ದಡ.

೧೬ ಆಗಸ್ಟ್, ಬುಧವಾರ

ಸೋಮವಾರ ಬಿಡುಗಡೆಯಾಯಿತು. ಎರಡು ದಿನದಲ್ಲಿ ಆರುನೂರು ಕಾಗದ. ಓಡುವ ವೇಗಕ್ಕೆ ನಾಲ್ಕು, ಚುಕ್ಕೆಗೆ ಒಂದೂ ಇಲ್ಲ. ಉಳಿದದ್ದೆಲ್ಲ ಅಂಬಿಗನಿಗೆ. ದಾಟಿ ಹೋಗಲು ಗುಂಡಿ ಬೇಕೆಂದು ಜಗಳವಾಡಿದವರೇ ಕಿವಿಗೊಟ್ಟು ಕೂತು ಕೇಳಿದಂತಿದೆ. ‘ನದಿಯನ್ನು ವಾಪಸ್ ಕೊಡಿ.’ ‘ಮಹಾಕಾವ್ಯದಂಥ ಮುದುಕ ಈಗ ಊಟ ಬಂತಾ ಎಂದು ಕೇಳುತ್ತಾನೆ, ಯಾವ ಮೂರ್ಖ ಬರೆದದ್ದು?’ ಹಚ್ಚೆಯ ಹೆಂಗಸು ಬೈದಿಲ್ಲ. ‘ನನ್ನ ಕೈಮೇಲೆ ಇರುವುದು ಈಗ ಯಾರ ಮಾತು?’ ಎಂದಷ್ಟೇ ಕೇಳಿದ್ದಾಳೆ. ಅವಳಿಗೆ ನಿಜ ಬರೆದೆ. ನನ್ನದು, ಎಂದು.

ಬದಲಾವಣೆಗಳ ಪಟ್ಟಿಯಲ್ಲಿ ಕಾರಣ ಎಂಬ ಜಾಗದಲ್ಲಿ ಹಾಕಿದ್ದು ಇಷ್ಟೇ: ಮಾತಾಡಿದವರು ಕೇಳಿಕೊಂಡಿದ್ದರಿಂದ. ಹೆಚ್ಚು ಹೇಳಲಾರೆ. ಹೇಳಿದರೆ ಆ ಹನ್ನೊಂದು ಸೆಕೆಂಡನ್ನು ಹುಡುಕಿಕೊಂಡು ಕೇಳುತ್ತಾರೆ.

ಮಧ್ಯಾಹ್ನ ಮೌನಪ್ಪನವರಿಗೆ ಫೋನ್ ಮಾಡಿದೆ. ಎತ್ತಿದ್ದು ಚಂದ್ರಾಮ.

“ಅಣ್ಣ ನೀರ ತರಾಕ ಹೋಗ್ಯಾನ್ರಿ. ಏನ ಹೇಳ್ಬೇಕ್ರಿ?”

“ಆ ಮಾತು ತೆಗೆದಿದ್ದೇವೆ ಅಂತ ಹೇಳಿ. ಹೊಸ ಆಟದಲ್ಲಿ ಇಲ್ಲ.”

ಅವರ ಕಡೆ ಬಕೆಟ್ಟಿನ ಸದ್ದು, ಹೆಂಗಸರ ಮಾತು. ಚಂದ್ರಾಮ ಅಣ್ಣನ ಮನೆಯಲ್ಲೇ ಇದ್ದರು.

“ಮೊದಲ ಕೊಂಡಾವ್ರ ಮನಿಯಾಗ?”

ಈ ಪ್ರಶ್ನೆಯನ್ನು ಅವರೇ ಕೇಳುತ್ತಾರೆಂದು ನನಗೆ ಹೊಳೆದಿರಲೇ ಇಲ್ಲ. “ಅಲ್ಲಿ ಇರುತ್ತೆ. ಅದನ್ನು ನಮ್ಮಿಂದ ತೆಗೆಯೋಕಾಗಲ್ಲ” ಎಂದೆ.

“ನಾಕ ಲಕ್ಷ ಮನಿ.”

“ಹೂಂ.”

ಆಮೇಲೆ ಕೇಳಿದರು, “ಅವ್ರಿಗೆ ಕನ್ನಡ ಬರ್ತೈತೇನ್ರಿ?”

“ಇಲ್ಲ. ಹೆಚ್ಚಿನವರಿಗೆ ಬರಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಇರೋದನ್ನ ಓದ್ತಾರೆ.”

“ಅದ್ರಾಗ ನನ್ನ ಹೆಸರ ಐತೇನು?”

“ಇಲ್ಲ. ನಾನು ಬೇರೇನೋ ಬರೆದಿದ್ದೆ.”

“ಏನಂತ?”

ಹೇಳಿದೆ. ‘ನದಿಗೆ ಯಾರ ಹೆಸರೂ ನೆನಪಿರುವುದಿಲ್ಲ, ಪಥಿಕ’: ಆ ಸಾಲನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ಛಲೋ ಆತ ಬಿಡ್ರಿ. ಅಲ್ಲಿ ಅದ ಇರ್ಲಿ,” ಎಂದರು ಚಂದ್ರಾಮ.